ಬೇಯದಿದ್ದರೆ ಅಲ್ ದೆಂತೆ, ಮುದ್ದೆಯಾದರೆ ರಿಸೊಟ್ಟೊ

ನಮ್ಮ ಆಫೀಸಿನಲ್ಲಿ ಈಗ ಎರಡು ಪಂಗಡ. ಇಂದಿರಾನಗರದ ಆ ಇಟಾಲಿಯನ್ ಹೋಟೆಲ್ಲು ಸ್ವರ್ಗ ಅನ್ನುವವರು ಕಿಟಕಿ ಪಕ್ಕ ಕೂರುತ್ತಾರೆ, ದುಡ್ಡು ದಂಡ ಅನ್ನುವವರು ಪ್ರಿಂಟರ್ ಪಕ್ಕ. ಇಬ್ಬರೂ ತಿಂದು ಬಂದದ್ದು ಒಂದೇ ಪಾಸ್ತಾ. ನಾನು ಎರಡು ಸಲ ಹೋದವನು, ಹಾಗಾಗಿ ಎರಡೂ ಪಕ್ಷದಲ್ಲಿ ಸದಸ್ಯತ್ವ ಇದೆ. ಈ ಊರಿನಲ್ಲಿ ಅದೇನೂ ಹೊಸದಲ್ಲ.

ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಹೊರಟರೂ ಕಷ್ಟವೇ. ಬೋರ್ಡಿನಲ್ಲಿ 60% ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಂದ ಮೇಲೆ ಅವರೂ ದೊಡ್ಡದಾಗಿ ಕನ್ನಡದಲ್ಲಿ ಬರೆಸಿದ್ದಾರೆ. ಅಳತೆಯಲ್ಲಿ ಒಂದಿಂಚೂ ಮೋಸವಿಲ್ಲ. ಕಪ್ಪು ಗೋಡೆಯ ಮೇಲೆ ಕಪ್ಪು ಅಕ್ಷರ, ಅಷ್ಟೇ.

ಮೊದಲ ಸಲ ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ. ಅರ್ಧ ಹೋಟೆಲ್ ಖಾಲಿ. ಮಾರ್ಗರೀಟಾ ಪಿಜ್ಜಾ ತರಿಸಿದೆ. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಅಂಚು ಪೂರಿಯ ಹಾಗೆ ಉಬ್ಬಿ, ಅಲ್ಲಲ್ಲಿ ಚಿರತೆ ಮಚ್ಚೆಯಂತೆ ಸುಟ್ಟು, ನಡುವೆ ಮೆತ್ತಗೆ. ನೇಪಲ್ಸ್ ಕಡೆಯ ಕ್ರಮವಂತೆ. 485 ಡಿಗ್ರಿಯ ಸೌದೆ ಒಲೆಯಲ್ಲಿ 60ರಿಂದ 90 ಸೆಕೆಂಡು ಇಟ್ಟರೆ ಮುಗಿಯಿತು. ಬಡಿಸಿದ ಹುಡುಗ ನಗುತ್ತಾ ಮಾತಾಡಿಸಿದ. ಮರುದಿನ ನಾನು ಕಿಟಕಿ ಪಕ್ಕ ಕೂತೆ.

ಆ ಸಂಭ್ರಮದಲ್ಲೇ ತಪ್ಪು ಮಾಡಿದ್ದು. ಹೆಂಡತಿಯನ್ನೂ ವಿಜಯಪುರ ಕಡೆಯಿಂದ ಬಂದಿದ್ದ ಅವಳ ಕಾಕಾನನ್ನೂ ಶನಿವಾರ ರಾತ್ರಿ ಅಲ್ಲಿಗೇ ಕರೆದುಕೊಂಡು ಹೋದೆ.

ಕೂತ ಕೂಡಲೇ ಪ್ರಶ್ನೆ: “ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?” ಅಂದರೆ ಬಾಟಲಿ ನೀರು ಸಾದಾದ್ದೋ, ಗ್ಯಾಸ್ ತುಂಬಿದ್ದೋ. ಕಾಕಾ ನನ್ನ ಮುಖ ನೋಡಿದರು. ಬರೀ ನೀರು ಕೇಳಲು ಇಷ್ಟು ಧೈರ್ಯ ಬೇಕಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ಪಕ್ಕದ ಟೇಬಲ್ಲಿನವರು ಕೇಳಿಸಿಕೊಂಡಾರೆಂದು “ಸ್ಟಿಲ್” ಅಂದುಬಿಟ್ಟೆ. ಗಾಜಿನ ಬಾಟಲಿ ಬಂತು, 240 ರೂಪಾಯಿ.

90 ಸೆಕೆಂಡಿನಲ್ಲಿ ಬೇಯುವ ಪಿಜ್ಜಾ ಬರಲು 50 ನಿಮಿಷ ಹಿಡಿಯಿತು. ಒಲೆ ನಮ್ಮ ಕಣ್ಣೆದುರೇ ಉರಿಯುತ್ತಿತ್ತು, ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ನಡುವೆ ಎಲ್ಲೋ ಸಿಲ್ಕ್ ಬೋರ್ಡ್ ಜಂಕ್ಷನ್ ಇದ್ದಿರಬೇಕು. ಬಂದಾಗ ಉಬ್ಬು ಇಳಿದು, ಚೀಸು ರೇನ್‌ಕೋಟಿನ ಹಾಗಾಗಿತ್ತು.

ಅದಕ್ಕೂ ಮೊದಲು ಬಂದದ್ದು ಫಾರ್ರೊ ಸಲಾಡ್, 645 ರೂಪಾಯಿ. ಕಾಕಾ ಚಮಚದಲ್ಲಿ ಒಂದು ಕಾಳು ಎತ್ತಿ ಬೆರಳ ನಡುವೆ ಒತ್ತಿ ನೋಡಿದರು. ಬೆಳೆ ನೋಡುವವರ ಬೆರಳು ಅದು.

“ಇದು ನಮ್ಮ ಜವಿಗೋದಿ ಅಲ್ಲೇನ್ರೀ ಅಳಿಯಂದಿರ? ನಿಮ್ಮ ಮದುವ್ಯಾಗ ಇದರದ್ದ ಹುಗ್ಗಿ ಮಾಡ್ಸಿದ್ವಿ. ಉಂಡ ಮ್ಯಾಲ ಮರ್ತೀರಿ.”

ಅವರು ಹೇಳಿದ್ದು ಅಕ್ಷರಶಃ ಸರಿ. ಇಟಲಿಯವರು ಫಾರ್ರೊ ಎನ್ನುವ ಎಮ್ಮರ್ ಗೋಧಿಯೂ ನಮ್ಮ ಜವೆಗೋಧಿಯೂ ಒಂದೇ ಜಾತಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1029 ತಳಿಯನ್ನು ಕಾಕಾ ತಮ್ಮ ಹೊಲದಲ್ಲೇ ಬೆಳೆಯುತ್ತಾರೆ. ಮೆನುವಿನಲ್ಲಿ ಮಾತ್ರ ‘ಪುರಾತನ ಇಟಾಲಿಯನ್ ಧಾನ್ಯ’ ಎಂದಿತ್ತು. ನಮ್ಮ ಮದುವೆಯಲ್ಲಿ ಊರಿಗೆ ಊರೇ ಉಂಡ ಧಾನ್ಯ ಇಲ್ಲಿ ಹನ್ನೊಂದು ಚಮಚಕ್ಕೆ ಮುಗಿಯಿತು. ಎಣಿಸಿದೆ.

ಪಾಸ್ತಾ ಕಚ್ಚಿದರೆ ಕಟುಕ್ಕೆಂದಿತು. ಕರೆದು ಕೇಳಿದ್ದಕ್ಕೆ ಮ್ಯಾನೇಜರು ಕನಿಕರದಿಂದ ನೋಡಿ, “ಅಲ್ ದೆಂತೆ ಸಾರ್, ಆಥೆಂಟಿಕ್” ಅಂದರು. ಹಲ್ಲಿಗೆ ಸಿಗಬೇಕು ಅನ್ನುವುದು ಅದರ ಅರ್ಥ, ಒಪ್ಪಿದೆ. ಆದರೆ ಹಲ್ಲನ್ನೇ ಕೇಳಬಾರದಲ್ಲ. ಮನೆಯಲ್ಲಿ ಅನ್ನ ಅಕ್ಕಿಯಕ್ಕಿಯಾಗಿದ್ದರೆ ತಟ್ಟೆ ಸರಿಸಿ ಏಳುವ ಗಂಡಸು ನಾನು. ಅಲ್ಲಿ “ಓ, ಕರೆಕ್ಟ್ ಕರೆಕ್ಟ್” ಅಂದೆ. ರಿಸೊಟ್ಟೊ ಅನ್ನುವ ಅವರ ಅನ್ನದ ತಿನಿಸು ಬೆಳಿಗ್ಗೆ ಮಾಡಿ ಸಂಜೆ ಬಡಿಸಿದ ಬಿಸಿಬೇಳೆ ಬಾತಿನ ಹಾಗೆ ಗಟ್ಟಿ ಮುದ್ದೆಯಾಗಿತ್ತು. ಅದೂ ಆಥೆಂಟಿಕ್ಕೇ, ‘ಕ್ರೀಮಿ’ಯಂತೆ. ಬೇಯದ್ದಕ್ಕೂ ಅತಿಯಾಗಿ ಬೆಂದದ್ದಕ್ಕೂ ಒಂದೇ ಉತ್ತರ ಇಟ್ಟುಕೊಂಡವರನ್ನು ಯಾವ ಗ್ರಾಹಕ ತಾನೇ ಗೆದ್ದಾನು? ಮೆನುವಿನ ಮೂಲೆಯಲ್ಲಿ ‘ವೆಜ್ ಕಾರ್ಬೊನಾರಾ’ ಅಂತಲೂ ಇತ್ತು. ಮೊಟ್ಟೆ, ಹಂದಿಮಾಂಸ, ಚೀಸು ಸೇರಿ ಆಗುವ ತಿನಿಸಿನಲ್ಲಿ ಮೊದಲ ಎರಡನ್ನು ತೆಗೆದು ಕೆನೆ ಸುರಿದದ್ದು. ಅದರ ಆಥೆಂಟಿಕ್ ಬಗ್ಗೆ ಕೇಳುವ ಶಕ್ತಿ ನನಗೆ ಉಳಿದಿರಲಿಲ್ಲ.

ಬಾಯಿ ತುಂಬಾ ಪಾಸ್ತಾ ಇದ್ದಾಗಲೇ ಇನ್ನೊಬ್ಬ ಹುಡುಗ ಬಂದು ಊಟ ಹೇಗಿದೆ ಎಂದು ವಿಚಾರಿಸಿದ. ಸರಿಯಾಗಿ ಬಾಯಿ ತುಂಬಿದಾಗಲೇ ಕೇಳಬೇಕೆಂದು ಇವರಿಗೆ ತರಬೇತಿ ಕೊಡುತ್ತಾರೇನೋ. ಹೆಬ್ಬೆರಳು ಎತ್ತಿದೆ.

ಕಾಕಾ ಕಾಫಿ ಕೇಳಿದರು. ಎಸ್ಪ್ರೆಸ್ಸೊ ಬಂತು, ಕೆಮ್ಮಿನ ಔಷಧಿಯ ಮುಚ್ಚಳದಷ್ಟು, 260 ರೂಪಾಯಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗು, ಚಿಕ್ಕಮಗಳೂರಿನ ಬೀಜ ಹಡಗು ಹತ್ತಿ ಅಲ್ಲಿಗೆ ಹೋಗುತ್ತದೆ. ಇದು ಅಲ್ಲಿ ಹುರಿದು ತಂದ ಬೀಜ ಎಂದು ಮೆನು ಹೆಮ್ಮೆಪಟ್ಟಿತ್ತು. ಫಾರಿನ್ನಿಗೆ ಹೋಗಿಬಂದ ಮೇಲೆ ಸಂಬಳ ಏರುವುದು ನಮ್ಮ ಹುಡುಗರಿಗೆ ಮಾತ್ರ ಅಲ್ಲ.

ಬಿಲ್ಲು ಒಂದು ಮರದ ಪೆಟ್ಟಿಗೆಯೊಳಗೆ ಮಲಗಿಕೊಂಡು ಬಂತು. ಊಟ 4,200. ಸೇವಾ ಶುಲ್ಕ 10%, ಅಂದರೆ 420. ಎರಡೂ ಸೇರಿದ ಮೇಲೆ ಜಿಎಸ್‌ಟಿ 5%, 231. ನಮಗೆ ಆಗದ ಸೇವೆಗೆ 420, ಆ ಆಗದ ಸೇವೆಯ ಮೇಲೆ ತೆರಿಗೆ 21.

ಕಾನೂನು ನನಗೆ ಗೊತ್ತಿತ್ತು. ಸೇವಾ ಶುಲ್ಕ ಐಚ್ಛಿಕ, ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಷ್ಟನ್ನೂ ಮೆಲ್ಲಗೆ ಮ್ಯಾನೇಜರಿಗೆ ಹೇಳಿದೆ.

“ಅದು ಡೆಲ್ಲಿ ಕೋರ್ಟ್ ಸಾರ್.”

ಹಿಟ್ಟು ನೇಪಲ್ಸ್‌ನಿಂದ ಬರುತ್ತದೆ, ಟೊಮ್ಯಾಟೊ ಡಬ್ಬಿ ಇಟಲಿಯಿಂದ ಬರುತ್ತದೆ, ಕಾನೂನಿಗೆ ಮಾತ್ರ ಡೆಲ್ಲಿ ದೂರ.

“ತೆಗೀಬೇಕಾ ಸಾರ್? ಸರ್ವಿಸ್ ಚಾರ್ಜ್ ತೆಗೀಬೇಕಾ?” ಈ ಸಲ ಮೂರು ಟೇಬಲ್ಲಿಗೆ ಕೇಳಿಸುವ ಹಾಗೆ ಕೇಳಿದರು. ಐಚ್ಛಿಕ ಅನ್ನುವ ಪದದ ಅರ್ಥ ಆಗ ತಿಳಿಯಿತು.

ಕಾಕಾ ಮಧ್ಯೆ ಬಾಯಿ ಹಾಕಿದರು. “ಸೇವಾಕ್ಕ ರೊಕ್ಕ ತಗೋತಾರೇನ? ನಮ್ಮ ಮಠದಾಗ ಪುಕ್ಕಟೆ ಮಾಡ್ತಾರಲ್ಲ.”

ಗ್ರಾಹಕರ ಸಹಾಯವಾಣಿ 1915. ಆ ನಂಬರಿಗೆ ಮಾಡಲೆಂದೇ ಫೋನ್ ಹೊರಗೆ ತೆಗೆದೆ. “ಇರಲಿ ಬಿಡಿ” ಅಂದು ಅದೇ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ 4,851 ಕಟ್ಟಿದೆ.

ಬಾಗಿಲಲ್ಲಿ ಕಾಕಾ ಬಡಿಸಿದ ಹುಡುಗನ ಅಂಗೈಗೆ ನೂರರ ನೋಟು ತುರುಕಿ “ತಗೋ ತಮ್ಮ” ಅಂದರು. ಅವನು ಒಮ್ಮೆ ಹಿಂದೆ ತಿರುಗಿ ಮ್ಯಾನೇಜರು ಎಲ್ಲಿದ್ದಾರೆಂದು ನೋಡಿ, ಆಮೇಲೆ ಜೇಬಿಗಿಳಿಸಿದ.

ಪಕ್ಕದ ರಸ್ತೆಯ ದರ್ಶಿನಿಯಲ್ಲಿ ಆಗಲೇ ನೆಲ ಒರೆಸುತ್ತಿದ್ದರು. ಕಾಕಾಗೆ ಮೊಸರನ್ನ, ನನಗೆ ಇಪ್ಪತ್ತು ರೂಪಾಯಿಯ ಕಾಫಿ. ಒಂದು ಗುಟುಕು ಕುಡಿದವನೇ ಸೀದಾ ಕೌಂಟರಿಗೆ ಹೋದೆ.

“ಏನ್ರೀ ಇದು, ಕಾಫೀನಾ ಕಲಗಚ್ಚಾ? ಪುಕ್ಕಟೆ ಕೊಡ್ತಾ ಇದೀರಾ? ಯಾರ್ರೀ ಇಲ್ಲಿ ಓನರ್ರು?”

ಕಾಫಿಯವನು ಮರುಮಾತಾಡದೆ ಲೋಟ ಇಸಿದುಕೊಂಡು ಡಿಕಾಕ್ಷನ್ ಸುರಿದು ಕೊಟ್ಟ.

“ದನಿ ಬಂತು ನೋಡವ್ವ ಅಳಿಯಂದಿರ್ದು,” ಎಂದು ನನ್ನ ಹೆಂಡತಿಗೆ ಹೇಳಿ ಕಾಕಾ ಉಪ್ಪಿನಕಾಯಿ ಕಡೆ ಕೈಚಾಚಿದರು.