ಟಾರ್ಪಾಲಿನ ಮೇಲೆ ಮಲಗಿದ ನಾಯಿ

ಕೊಡಗಿನವರಿಗೆ ಮಳೆಯೇನು ಹೊಸದೇ? ಜೂನ್, ಜುಲೈಯಲ್ಲಿ ಎಷ್ಟು ಬೇಕಾದರೂ ಸುರಿಯಲಿ, ಸೌದೆ ಕೊಟ್ಟಿಗೆ ಸೇರಿರುತ್ತದೆ, ಗಂಬೂಟು ಬಾಗಿಲಲ್ಲಿರುತ್ತದೆ. ಡಿಸೆಂಬರ್ ಮಳೆಯ ಜಾತಿಯೇ ಬೇರೆ. ಆಗ ವರ್ಷದ ಸಂಪಾದನೆಯೆಲ್ಲ, ಅಂದರೆ ಕುಯ್ದ ಕಾಫಿ, ಕಣದಲ್ಲಿ ಮೈಚೆಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ದಡ ಸೇರಿದ್ದು ಪುದುಚೇರಿ ಹತ್ತಿರ. ಮರುದಿನಗಳಲ್ಲಿ ನೆನೆದದ್ದು ನಮ್ಮ ಕಾಫಿ. ಬಂಗಾಳಕೊಲ್ಲಿಗೆ ನೆಗಡಿಯಾದರೆ ಮೂಗು ಸೋರುವುದು ಮಡಿಕೇರಿಯಲ್ಲಿ.

ಮೊದಲ ಹನಿ ಬಿದ್ದ ಮೇಲೆ ಕಣಕ್ಕೆ ಓಡುವವರು ಆಗಲೇ ತಡಮಾಡಿದ್ದಾರೆ. ಹರಡಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣನ್ನು, ಮೊದಲು ಗೋರುಮಣೆಯಲ್ಲಿ ಎಳೆದು ಮೊಣಕಾಲೆತ್ತರದ ದಿಬ್ಬ ಮಾಡಬೇಕು. ದಿಬ್ಬ ಕಣದ ಇಳಿಜಾರಿನ ಉದ್ದಕ್ಕೇ ಇರಬೇಕು. ಗಡಿಬಿಡಿಯಲ್ಲಿ ಅಡ್ಡಕ್ಕೆ ಹಾಕಿದಿರೋ, ಅದು ಅಣೆಕಟ್ಟಾಯಿತು. ಹಾರಂಗಿಗಾದರೆ ಗೇಟಿದೆ, ಇದಕ್ಕೆ ಅದೂ ಇಲ್ಲ. ಮೇಲೆ ಟಾರ್ಪಾಲು ಬಿಗಿಯಾಗಿದ್ದರೂ ನೀರು ಅಡಿಯಿಂದ ನುಗ್ಗಿ ಕಾಫಿಗೆ ಕಾಲು ತೊಳೆಯುತ್ತದೆ.

ಎರಡು ಟಾರ್ಪಾಲು ಬೇಕಾದರೆ ಇಳಿಜಾರಿನ ಕೆಳಗಿನದನ್ನು ಮೊದಲು ಹಾಸಿ, ಮೇಲಿನದು ಅದರ ಮೇಲೆ ಎರಡಡಿಯಾದರೂ ಬರುವಂತೆ ಹೊದಿಸಬೇಕು. ಹಂಚು ಹಾಕುವ ಕ್ರಮವೇ ಇದು. ಗಾಳಿಗೆ ಹಾರದಂತೆ ಕಲ್ಲು ಹೇರುವುದು ಹಳೇ ಚಾಳಿ. ಕಲ್ಲಿನ ಮೂಲೆ ಟಾರ್ಪಾಲಿಗೆ ಕಿಟಕಿ ತೆಗೆಯುತ್ತದೆ. ಗೊಬ್ಬರದ ಖಾಲಿ ಚೀಲಕ್ಕೆ ಹತ್ತು ಕಿಲೋದಷ್ಟು ಮರಳು ತುಂಬಿ ನಾಲ್ಕಡಿಗೊಂದರಂತೆ ಅಂಚಿಗೆ ಇಟ್ಟರೆ ಸಾಕು. ಇಷ್ಟೆಲ್ಲ ಮಾಡಿದ ಮೇಲೆ ತೋಟದ ನಾಯಿ ಬಂದು ದಿಬ್ಬದ ನೆತ್ತಿಯ ಮೇಲೇ ಮಲಗುತ್ತದೆ. ಅಡಿಯಲ್ಲಿ ಬೆಚ್ಚಗಿದೆಯಲ್ಲ! ಎದ್ದಾಗ ನಾಲ್ಕು ಉಗುರಿಗೆ ನಾಲ್ಕು ತೂತು, ಮೈಯ ಅಳತೆಗೊಂದು ಗುಂಡಿ.

ಈ ಗುಂಡಿಯನ್ನು ಹಗುರವಾಗಿ ಕಾಣಬೇಡಿ. ಒಂದು ಮೀಟರ್ ಉದ್ದಗಲ, ಐದು ಸೆಂಟಿಮೀಟರ್ ಆಳ ಅಂದರೆ 50 ಲೀಟರ್ ನೀರು, 50 ಕಿಲೋ ಭಾರ. ಬೆಳಿಗ್ಗೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು "ಈ ಕಡೆ ಎತ್ತಿ", "ಇಲ್ಲ, ಆ ಕಡೆ" ಎಂದು ಕೂಗಾಡುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಮೂರನೆಯ ದಿಕ್ಕು ತೋರಿಸುತ್ತಾರೆ. ರಾತ್ರಿಯಿಡೀ ನೆನೆಯದೆ ಉಳಿದಿದ್ದ ಕಾಫಿಗೆ ಅಷ್ಟೂ ನೀರು ಒಮ್ಮೆಗೇ ಅಭಿಷೇಕ. ಚೊಂಬಿನಲ್ಲಿ ಮೊಗೆದು ಚೆಲ್ಲಿ, ಆಮೇಲೆ ಎತ್ತಬೇಕು. ಚೊಂಬು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಮಳೆ ನಿಂತ ಮೇಲೂ "ಮೋಡ ಇದೆ, ಇರಲಿ ಬಿಡಿ" ಎಂದು ಹೊದಿಕೆ ತೆಗೆಯದಿರುವುದು ಇನ್ನೊಂದು ಎಡವಟ್ಟು. ಹಸಿ ಕಾಫಿ ಒಳಗೇ ಬಿಸಿಯಾಗಿ ಬೆವರುತ್ತದೆ, ಆ ಬೆವರು ಟಾರ್ಪಾಲಿನ ಹೊಟ್ಟೆಗಂಟಿ ಮತ್ತೆ ಕಾಫಿಯ ಮೇಲೇ ತೊಟ್ಟಿಕ್ಕುತ್ತದೆ. ಎರಡು ದಿನ ಹಾಗೇ ಬಿಟ್ಟರೆ ಹುಳಿ ವಾಸನೆ, ಆಮೇಲೆ ಬೂಸ್ಟು. ಮೋಡವಿದ್ದರೂ ಹನಿ ನಿಂತ ತಕ್ಷಣ ತೆರೆದು ತೆಳುವಾಗಿ ಹರಡಿ, ಗಂಟೆಗೊಮ್ಮೆ ಎಳೆಯಬೇಕು. ಒಳ್ಳೆ ಬಿಸಿಲಿದ್ದರೆ ಚೆರಿ ಒಣಗಲು 12ರಿಂದ 15 ದಿನ ಸಾಕು. ಇಂಥ ಚಳಿಗಾಲದಲ್ಲಿ ದಿನ ಎಣಿಸದಿರುವುದೇ ಆರೋಗ್ಯಕ್ಕೆ ಒಳ್ಳೆಯದು.

ಇತ್ತ ಕಣದ ಗತಿ ಹೀಗಾದರೆ ಅತ್ತ ಗಿಡಕ್ಕೂ ತಲೆ ಕೆಟ್ಟಿರುತ್ತದೆ. ರೊಬಸ್ಟಾ ಕಾಫಿಯ ಮೊಗ್ಗು ಕಾಯುವುದು ಫೆಬ್ರವರಿ, ಮಾರ್ಚ್‌ನ ಹೂಮಳೆಗೆ, ಅಂದರೆ ಹೂವು ಅರಳಿಸುವ ಮಳೆಗೆ. ಜನವರಿಯಲ್ಲೇ ಒಂದಿಂಚು ಬಿದ್ದರೆ ಅದಕ್ಕೆ ಕ್ಯಾಲೆಂಡರ್ ಯಾಕೆ ಬೇಕು? ವಾರ, ಹತ್ತು ದಿನದಲ್ಲಿ ಅರಳಿಬಿಡುತ್ತದೆ. ಗಿಡದ ಒಂದೇ ರೆಕ್ಕೆಯಲ್ಲಿ, ಅಂದರೆ ಅಡ್ಡ ಕೊಂಬೆಯಲ್ಲಿ, ಹೋದ ವರ್ಷದ ಹಣ್ಣು, ಬರುವ ವರ್ಷದ ಹೂವು. ಹಣ್ಣು ಕುಯ್ದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣೇ ಉದುರುತ್ತದೆ.

ಇದರ ನಡುವೆ ಫೋನು. "ನಮ್ಮಲ್ಲಿ 60 ಸೆಂಟ್, ನಿಮ್ಮಲ್ಲಿ?" ನೂರು ಸೆಂಟಿಗೆ ಒಂದಿಂಚು, ಇದು ಇಲ್ಲಿಯ ಕುಶಲೋಪರಿ. ಸಿದ್ದಾಪುರದಲ್ಲಿ ಬಿದ್ದು ಪೊನ್ನಂಪೇಟೆಯಲ್ಲಿ ಬೀಳದಿದ್ದರೆ ಬಿದ್ದವರಿಗೂ ಸಂಕಟ, ಬೀಳದವರಿಗೂ ಸಂಶಯ.

ಕೊನೆಗೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿ ಚೆರಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಗಲಗಲ ಎಂದರೆ ಚೀಲಕ್ಕೆ ತುಂಬಬಹುದು. ಸುಮ್ಮನಿದ್ದರೆ ಮತ್ತೆ ಕಣಕ್ಕೇ. ನಾಯಿಯನ್ನು ಎಬ್ಬಿಸಿ.