ನೋಡಿಕೊಳ್ಳುವವರು ಯಾರು?

ಹನ್ನೊಂದು ವರ್ಷಗಳಿಂದ ಬರ್ಲಿನ್‌ನಲ್ಲಿ ನೆಲೆಸಿರುವ ನಾನು ಕಳೆದ ಡಿಸೆಂಬರ್‌ನಲ್ಲಿ ಐದು ವಾರಗಳ ರಜೆಗೆಂದು ಬೆಂಗಳೂರಿನ ಶ್ರೀನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಹಾಲು ತರಲು ಹೊರಟಾಗ ತಿರುವಿನ ಬೇಕರಿಯ ಮುಂದೆ ಗೋಣಿಚೀಲದ ಮೇಲೆ ಕಂದು ಬಣ್ಣದ ಹೆಣ್ಣುನಾಯಿಯೊಂದು ಮಲಗಿತ್ತು. ಹಿಂದಿನ ರಾತ್ರಿ ಯಾವುದೋ ವಾಹನ ಅದರ ಮೇಲೆ ಹಾಯ್ದು ಹೋಗಿತ್ತು. ಮುಂಗಾಲುಗಳನ್ನು ಊರಿ ಮತ್ತೆ ಮತ್ತೆ ಏಳಲು ನೋಡುತ್ತಿತ್ತು. ಸೊಂಟದಿಂದ ಹಿಂದಿನ ಭಾಗ ಮಾತ್ರ ಮಿಸುಕುತ್ತಿರಲಿಲ್ಲ. ಬೇಕರಿಯವರು ರಾತ್ರಿಯೇ ನೀರು ಮತ್ತು ಬನ್ನು ಇಟ್ಟಿದ್ದರು, ಹೂ ಮಾರುವ ಹೆಂಗಸು ತನ್ನ ಹಳೆಯ ಸೀರೆಯೊಂದನ್ನು ಹೊದಿಸಿದ್ದಳು, ನಾನು ಕರೆದ ಆಟೋದವರು ಆಸ್ಪತ್ರೆಗಾದರೆ ಬಾಡಿಗೆ ಬೇಡವೆಂದರು. ಬೀದಿಯವರೆಲ್ಲ ಅದನ್ನು ಸುಬ್ಬಿ ಎಂದು ಕರೆಯುತ್ತಿದ್ದರೆಂದು ದಾರಿಯಲ್ಲಿ ಅವರಿಂದಲೇ ತಿಳಿಯಿತು.

ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದಿರುವುದು ಕಂಡಿತು. ವೈದ್ಯರು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಲವಾಗಿ ಒತ್ತಿದರೂ ಸುಬ್ಬಿ ತಿರುಗಿ ನೋಡಲಿಲ್ಲ. ಅಷ್ಟು ಆಳದ ನೋವೂ ತಿಳಿಯದಿದ್ದರೆ ಮತ್ತೆ ನಡೆಯುವ ಆಸೆ ಬಹಳ ಕಡಿಮೆ, ಆದರೆ ಸರಿಯಾಗಿ ನೋಡಿಕೊಂಡರೆ ಇಂತಹ ನಾಯಿಗಳು ವರ್ಷಗಟ್ಟಲೆ ಸಂತೋಷವಾಗಿ ಬದುಕುತ್ತವೆ ಎಂದು ಅವರು ಹೇಳಿದರು. ಆ ದಿನ ಸಂಜೆ ಅವಳನ್ನು ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಮಲಗಿಸಿದಾಗ ಅಮ್ಮ ಬಾಗಿಲಲ್ಲೇ ನಿಂತು, "ನೀನು ಜನವರೀಲಿ ವಿಮಾನ ಹತ್ತಿ ಹೋಗ್ತೀಯ ಕಣೋ. ಆಮೇಲೆ ಇದನ್ನ ನೋಡಿಕೊಳ್ಳೋರು ಯಾರು?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಪ್ರಾಣ ಹೋಗುತ್ತಿರುವ ಜೀವದ ಮುಂದೆ ಇದೆಂತಹ ಲೆಕ್ಕಾಚಾರ ಎಂದುಕೊಂಡೆ. ಆ ಪ್ರಶ್ನೆಯೇ ಸರಿಯಾದ ಪ್ರಶ್ನೆಯೆಂದು, ಬರ್ಲಿನ್‌ನಲ್ಲಿ ನನಗೆ ಅದನ್ನೇ ಕೇಳಿದಾಗ ನಾನು ಸಂತೋಷದಿಂದ ಉತ್ತರ ಕೊಟ್ಟಿದ್ದೆನೆಂದು ಹೊಳೆಯಲು ಒಂದು ತಿಂಗಳು ಬೇಕಾಯಿತು.

ನಾಲ್ಕು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಬರ್ಲಿನ್‌ನಲ್ಲಿ ಕಿವಿ ಕೇಳಿಸದ ಒಂದು ನಾಯಿಯನ್ನು ದತ್ತು ಪಡೆದೆವು. ಜರ್ಮನಿಯಲ್ಲಿ ಬೀದಿನಾಯಿಗಳು ಕಾಣಸಿಗುವುದಿಲ್ಲ. ಮನೆ ಕಳೆದುಕೊಂಡ ನಾಯಿಗಳು ಟೀಯರ್‌ಹೈಮ್ ಎಂದು ಕರೆಯುವ ಆಶ್ರಯತಾಣಗಳಲ್ಲಿರುತ್ತವೆ. ಬರ್ಲಿನ್ ನಗರದಂಚಿನ ಫಾಲ್ಕೆನ್‌ಬೆರ್ಗ್‌ನಲ್ಲಿರುವ ಆಶ್ರಯತಾಣವೊಂದೇ ಸುಮಾರು 16 ಹೆಕ್ಟೇರ್ ವಿಸ್ತಾರವಾಗಿದೆ. ನಾವು ನಾಯಿಯನ್ನು ಕೇಳಿಕೊಂಡು ಹೋದಾಗ ಮೊದಲು ನಾಲ್ಕು ಪುಟಗಳ ಅರ್ಜಿ ಕೈಗೆ ಬಂತು. ಮನೆಯ ಮಾಲೀಕರ ಒಪ್ಪಿಗೆ ಪತ್ರವಿದೆಯೇ, ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿಯಾಗಿರುತ್ತದೆ, ಊರಿಗೆ ಹೋದಾಗ ಯಾರ ಬಳಿ ಬಿಡುತ್ತೀರಿ, ಚಿಕಿತ್ಸೆಯ ಖರ್ಚನ್ನು ಭರಿಸಬಲ್ಲಿರಾ ಎಂದೆಲ್ಲ ಅದರಲ್ಲಿತ್ತು. ಆಮೇಲೆ ನಾಯಿಯ ಜೊತೆ ನಡೆದಾಡಲು ನಾಲ್ಕು ಬಾರಿ ಹೋಗಬೇಕಾಯಿತು. ಒಬ್ಬರು ನಮ್ಮ ಮನೆಗೆ ಬಂದು ಮೆಟ್ಟಿಲು, ಬಾಲ್ಕನಿಗಳನ್ನು ನೋಡಿಕೊಂಡು ಹೋದರು. ಕೊನೆಗೆ ಶುಲ್ಕ ಕಟ್ಟಿ ಒಪ್ಪಂದಕ್ಕೆ ಸಹಿ ಹಾಕಿದೆವು. ನಮ್ಮ ಕೈಯಲ್ಲಿ ಆಗದಿದ್ದರೆ ನಾಯಿಯನ್ನು ಬೇರೆಯವರಿಗೆ ದಾಟಿಸುವಂತಿಲ್ಲ, ಆಶ್ರಯತಾಣಕ್ಕೇ ಮರಳಿಸಬೇಕು ಎಂಬುದು ಅದರ ಮುಖ್ಯ ಷರತ್ತು. ಇದರ ಮೇಲೆ ಪ್ರತಿವರ್ಷ ನಾಯಿಗೆಂದೇ ತೆರಿಗೆ ಕಟ್ಟಬೇಕು, ಬರ್ಲಿನ್‌ನಲ್ಲಿ ಮೊದಲ ನಾಯಿಗೆ 120 ಯೂರೋ. ಸಕಾರಣವಿಲ್ಲದೆ ಬೆನ್ನುಮೂಳೆಯುಳ್ಳ ಪ್ರಾಣಿಯನ್ನು ಕೊಲ್ಲುವುದು ಅಲ್ಲಿ ಅಪರಾಧ, ಮತ್ತು 2002ರಿಂದ ಪ್ರಾಣಿಗಳ ರಕ್ಷಣೆ ಅಲ್ಲಿನ ಸಂವಿಧಾನದಲ್ಲೇ ಸೇರಿದೆ. ಪ್ರಾಣಿದಯೆಯನ್ನು ನಾಗರಿಕರ ಕರ್ತವ್ಯವೆಂದು ನಮ್ಮ ಸಂವಿಧಾನವೂ 51ಎ(ಜಿ) ವಿಧಿಯಲ್ಲಿ ಹೇಳಿದೆ, ಅದೂ ಅವರಿಗಿಂತ ಬಹಳ ಮೊದಲೇ. ಆದ್ದರಿಂದ ಆದರ್ಶದಲ್ಲಿ ನಾವು ಹಿಂದಿಲ್ಲ.

ಬೆಂಗಳೂರಿನಲ್ಲಿ ಸಂಸ್ಥೆಗಳಿಗೂ ಕೊರತೆಯಿಲ್ಲ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಆರಂಭಿಸಿದ ಕ್ಯೂಪಾ ಎಂಬ ಪ್ರಾಣಿರಕ್ಷಣಾ ಸಂಸ್ಥೆ ಇದೆ. ಚಾರ್ಲಿ ಎಂಬ ಮೂರು ಕಾಲಿನ ನಾಯಿಯ ಹೆಸರನ್ನೇ ಹೊತ್ತ ಆಶ್ರಯತಾಣವಿದೆ. ಹೆಸರು ಹೇಳಿಕೊಳ್ಳದೆ ತಮ್ಮ ಹಿತ್ತಿಲಲ್ಲೇ ಹತ್ತು ಹದಿನೈದು ನಾಯಿಗಳನ್ನು ಸಾಕುತ್ತಿರುವವರು ಪ್ರತಿ ಬಡಾವಣೆಯಲ್ಲಿದ್ದಾರೆ. ಆದರೆ ಎದುರಿಗಿರುವ ಸಂಖ್ಯೆಯನ್ನು ನೋಡಬೇಕು. 2023ರಲ್ಲಿ ಮಹಾನಗರ ಪಾಲಿಕೆ ನಡೆಸಿದ ಗಣತಿಯಂತೆ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕೆಂಬುದು 2023ರ ಸಂತಾನ ನಿಯಂತ್ರಣ ನಿಯಮಗಳ ತಿರುಳು. ಓಡಾಡಬಲ್ಲ ನಾಯಿಗೆ ಇದು ಸರಿಯಾದ ದಾರಿ. ಎದ್ದು ನಿಲ್ಲಲಾರದ ಸುಬ್ಬಿಗೆ, ಡಿಸ್ಟೆಂಪರ್ ಕಾಯಿಲೆಯಿಂದ ಉಳಿದುಕೊಂಡರೂ ದೇಹವೆಲ್ಲ ಅದುರುತ್ತಲೇ ಇರುವ ಮರಿಗೆ, ಎರಡೂ ಕಣ್ಣು ಹೋದ ಮುದಿನಾಯಿಗೆ ಹಿಂತಿರುಗಲು ಬೀದಿಯೇ ಇಲ್ಲ. ಕಚ್ಚುವ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನವರೆಗೂ ನಡೆದ ವಾದಗಳನ್ನು 2025ರಲ್ಲಿ ದೇಶವೇ ಕೇಳಿತು. ಸುಬ್ಬಿಯಂತಹ ನಾಯಿಗಳು ಆ ವಾದದ ಯಾವ ಪಕ್ಷಕ್ಕೂ ನೆನಪಾದಂತೆ ಕಾಣಲಿಲ್ಲ. ಅವುಗಳಿಗೆ ಇರುವುದು ಒಂದೋ ಆಶ್ರಯತಾಣದ ಪಂಜರ, ಇಲ್ಲವೇ ಒಂದು ಮನೆ.

ಮನೆ ಹುಡುಕಲು ಹೊರಟ ನಾನು ಇಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಸುಬ್ಬಿಯ ಕಣ್ಣುಗಳು ಚೆನ್ನಾಗಿ ಕಾಣುವ ಫೋಟೋ ತೆಗೆದು, "ನಡೆಯಲಾಗದ ಈ ಮೂಕಜೀವಕ್ಕೆ ಪ್ರೀತಿಯ ಮಡಿಲು ಬೇಕಾಗಿದೆ" ಎಂದು ಬರೆದು ಬಂಧುಗಳಿಗೆ, ಗೆಳೆಯರಿಗೆ ಕಳುಹಿಸಿದೆ. ಎರಡೇ ದಿನಗಳಲ್ಲಿ ಒಂದು ಕುಟುಂಬ ಮುಂದೆ ಬಂತು. ಗಂಡ ಹೆಂಡತಿ ಇಬ್ಬರೂ ಮೃದು ಮನಸ್ಸಿನವರು. ಫೋಟೋ ನೋಡಿ ಆ ತಾಯಿ ಅತ್ತರಂತೆ. ನಾನು ಏನನ್ನೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಹಿಂಜರಿಯುತ್ತಾರೋ ಎಂಬ ಭಯ. ಅದಕ್ಕಿಂತ ದೊಡ್ಡ ತಪ್ಪೆಂದರೆ ನಾನು ಹೇಳಬೇಕಾದದ್ದನ್ನು ಪೂರ್ತಿ ಹೇಳಲೂ ಇಲ್ಲ. ಒಂಬತ್ತನೆಯ ದಿನ ಅವರು ಸುಬ್ಬಿಯನ್ನು ಮರಳಿ ತಂದರು. ಇಬ್ಬರೂ ಕೆಲಸಕ್ಕೆ ಹೋಗುವವರು. ತಾನಾಗಿ ಮೂತ್ರ ಮಾಡಲಾರದ ಅವಳಿಗೆ ಮಧ್ಯಾಹ್ನ ಮೂತ್ರಚೀಲ ಖಾಲಿ ಮಾಡಿಸುವವರಿಲ್ಲದೆ ಸೋಂಕು ತಗುಲಿ ಜ್ವರ ಬಂದಿತ್ತು, ಒರಟಾದ ಟೈಲ್ಸ್ ಮೇಲೆ ತೆವಳಿ ತೊಡೆಯಲ್ಲಿ ಹುಣ್ಣಾಗಿತ್ತು. "ನಮ್ಮಿಂದ ತಪ್ಪಾಯಿತು" ಎಂದು ಆ ತಾಯಿ ಮತ್ತೆ ಅತ್ತರು. ತಪ್ಪು ಅವರದಲ್ಲ, ನನ್ನದು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರಿನ ಹತ್ತಿರದ ಆತಕೂರಿನಿಂದ ತಂದಿರಿಸಿದ ಹತ್ತನೆಯ ಶತಮಾನದ ಒಂದು ವೀರಗಲ್ಲಿದೆ. ಗಂಗರ ದೊರೆ ಬೂತುಗನ ಆಳಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟುಕೊಟ್ಟರು. ಶಾಲೆಯಲ್ಲಿದ್ದಾಗ ಅದನ್ನು ನೋಡಿ ಹೆಮ್ಮೆಪಟ್ಟಿದ್ದೆ, ಈಗಲೂ ಹೆಮ್ಮೆಯಿದೆ. ಆದರೆ ನಾವು ನಾಯಿಯನ್ನು ಹೊಗಳುವ ಮಾತುಗಳೆಲ್ಲ ಇಂದಿಗೂ ಕಾಳಿಯ ಅಳತೆಯವೇ: ಮನೆ ಕಾಯುತ್ತದೆ, ನಿಯತ್ತಿನದು, ಕಳ್ಳರನ್ನು ಹತ್ತಿರ ಸೇರಿಸುವುದಿಲ್ಲ. ಈ ಅಳತೆಗೆ ಸಿಗದ ನಾಯಿಯ ಬಗ್ಗೆ ಹೇಳಲು ನಮ್ಮ ಬಳಿ ಅಯ್ಯೋ ಪಾಪ ಎಂಬ ಒಂದೇ ಮಾತು ಉಳಿಯುತ್ತದೆ. ಪಾಪವೆನಿಸಿ ಮನೆಗೆ ತಂದವರ ಕರುಣೆ ಸುಳ್ಳಲ್ಲ, ಆದರೆ ಬೆಳಗಿನ ಐದೂವರೆಗೆ ಒದ್ದೆಯಾದ ಹಾಸಿಗೆಯನ್ನು ತೊಳೆಯುವಾಗ ಅದೊಂದೇ ಆಸರೆಗೆ ಬರುವುದಿಲ್ಲ. ಬರ್ಲಿನ್‌ನ ಆಶ್ರಯತಾಣದಲ್ಲಿ ನಮ್ಮ ನಾಯಿಯ ಪಂಜರದ ಮೇಲಿದ್ದ ಫಲಕದಲ್ಲಿ ಕರುಣೆಯ ಒಂದು ಶಬ್ದವೂ ಇರಲಿಲ್ಲ. ಕಿವಿ ಕೇಳುವುದಿಲ್ಲ, ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಗಾಬರಿಯಿಂದ ಕಚ್ಚಬಹುದು, ಚಿಕ್ಕ ಮಕ್ಕಳಿರುವ ಮನೆಗೆ ಕೊಡುವುದಿಲ್ಲ, ಕೈಸನ್ನೆಗಳನ್ನು ಬೇಗ ಕಲಿಯುತ್ತದೆ, ಚೀಸ್ ಎಂದರೆ ಪ್ರಾಣ ಎಂದಷ್ಟೇ ಬರೆದಿತ್ತು. ಆ ಫಲಕವನ್ನು ಓದಿಯೇ ನಾವು ಆ ನಾಯಿಗೆ ಒಲಿದೆವು.

ಆದ್ದರಿಂದ ಎರಡನೆಯ ಬಾರಿ ಸುಬ್ಬಿಯ ಒಂದು ದಿನವನ್ನು ಇದ್ದಂತೆಯೇ ಬರೆದೆ. ದಿನಕ್ಕೆ ನಾಲ್ಕು ಬಾರಿ, ಸುಮಾರು ಆರು ಗಂಟೆಗೊಮ್ಮೆ, ಹೊಟ್ಟೆಯ ಕೆಳಭಾಗವನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಮೂತ್ರ ಹೊರಬರಿಸಬೇಕು. ಕಲಿಯಲು ಮೂರು ನಾಲ್ಕು ದಿನ ಸಾಕು, ಕಲಿತರೆ ಐದು ನಿಮಿಷದ ಕೆಲಸ. ಮೂತ್ರ ಕಲಕಿದಂತಿದ್ದರೆ ಅಥವಾ ಎಂದಿಲ್ಲದ ವಾಸನೆಯಿದ್ದರೆ ಆ ದಿನವೇ ವೈದ್ಯರ ಬಳಿ ಹೋಗಬೇಕು. ಹಾಸಿಗೆ ದಪ್ಪವಾಗಿಯೂ ಒಣಗಿಯೂ ಇರಬೇಕು, ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಲು ಬಿಡಬಾರದು. ಮನೆಯೊಳಗೆ ತೆವಳುವಾಗ ಹಿಂಭಾಗಕ್ಕೆ ಬಟ್ಟೆಯ ಚೀಲ ತೊಡಿಸಬೇಕು. ಹೊರಗೆ ಓಡಾಡಲು ಹಿಂಭಾಗವನ್ನು ಹೊರುವ ಎರಡು ಚಕ್ರಗಳ ಗಾಡಿಯಿದೆ. ಅದನ್ನು ಕಟ್ಟಿ ಒಂಟಿಯಾಗಿ ಬಿಡಬಾರದು, ಒಮ್ಮೆಗೆ ಅರ್ಧ ಗಂಟೆ ಸಾಕು. ನೆಲಮಹಡಿಯ ಮನೆಯೇ ಆಗಬೇಕು. ಹಗಲಿನಲ್ಲಿ ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕು. ಇಷ್ಟನ್ನು ಬರೆದ ಮೇಲೆ, ಸುಬ್ಬಿಗೆ ಮೊಸರನ್ನವೆಂದರೆ ಬಹಳ ಇಷ್ಟ, ಗಾಡಿ ಕಟ್ಟಿದ ಕೂಡಲೇ ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುತ್ತಾಳೆ ಎಂದೂ ಸೇರಿಸಿದೆ. ಮೊದಲ ಬರಹಕ್ಕೆ ನೂರಾರು ಜನ ಮರುಗಿದ್ದರು; ಇದಕ್ಕೆ ಮೂರೇ ಫೋನ್ ಕರೆಗಳು ಬಂದವು.

ನೀವೇ ಜರ್ಮನಿಗೆ ಕರೆದುಕೊಂಡು ಹೋಗಿ, ಅಲ್ಲಿನ ಜನ ಇಂತಹವುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಂತೆ ಎಂದು ಹಲವರು ಸಲಹೆ ಕೊಟ್ಟರು. ಭಾರತದಿಂದ ಯುರೋಪಿಗೆ ನಾಯಿಯನ್ನು ಒಯ್ಯಲು ಮೈಕ್ರೋಚಿಪ್ ಹಾಕಿಸಿ, ರೇಬೀಸ್ ಲಸಿಕೆ ಕೊಡಿಸಿ, ಮೂವತ್ತು ದಿನಗಳಾದರೂ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ಆ ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಆಮೇಲೆ ಮೂತ್ರ ತಾನಾಗಿ ಮಾಡಲಾರದ ಜೀವವನ್ನು ಅಷ್ಟು ಗಂಟೆಗಳ ಕಾಲ ಸರಕಿನ ಗೂಡಿನಲ್ಲಿ ಕೂರಿಸಬೇಕು. ಕೆಲವು ನಾಯಿಗಳಿಗೆ ಇದೇ ದಾರಿಯಾಗಿದೆ, ಹಾಗೆ ಕಳುಹಿಸಿ ಉಳಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಬರ್ಲಿನ್‌ನ ಆಶ್ರಯತಾಣಗಳಲ್ಲಿಯೂ ಮುದಿಯಾದ, ಅಂಗ ಊನವಾದ ನಾಯಿಗಳು ಮನೆ ಸಿಗದೆ ವರ್ಷಗಟ್ಟಲೆ ಕಾಯುತ್ತಿರುವುದನ್ನು ಕಣ್ಣಾರೆ ಕಂಡ ನಾನು, ಹೊರದೇಶವೇ ಉತ್ತರವೆಂದು ಒಪ್ಪಲಾರೆ.

ಒಪ್ಪದಿರಲು ಇನ್ನೊಂದು ಕಾರಣವೂ ಇದೆ. ಬರ್ಲಿನ್‌ನಲ್ಲಿ ನಮ್ಮ ಕಟ್ಟಡದಲ್ಲಿ ಹಗಲು ಹೊತ್ತಿನಲ್ಲಿ ಮನುಷ್ಯರ ಸದ್ದೇ ಇರುವುದಿಲ್ಲ. ಆರು ಗಂಟೆಗೊಮ್ಮೆ ಕೈ ಬೇಕಾದ ನಾಯಿಗೆ ಅಲ್ಲಿ ಹಣ ಕೊಟ್ಟು ಕೈಗಳನ್ನು ಗೊತ್ತುಮಾಡಬೇಕು. ನಮ್ಮ ಶ್ರೀನಗರ, ಹನುಮಂತನಗರದಂತಹ ಬಡಾವಣೆಗಳಲ್ಲಿ ಇಂದಿಗೂ ನೆಲಮಹಡಿಯಲ್ಲಿ ಅಜ್ಜಿಯೋ ತಾತನೋ ಇರುತ್ತಾರೆ, ನುಣುಪಾದ ಕೆಂಪು ಗಾರೆಯ ನೆಲವಿರುತ್ತದೆ, ಕರೆದರೆ ಓಗೊಡುವ ಪಕ್ಕದ ಮನೆಯಿರುತ್ತದೆ. ಸುಬ್ಬಿಯಂತಹ ನಾಯಿಗೆ ಇದಕ್ಕಿಂತ ಹೆಚ್ಚೇನು ಬೇಕು? ಹಾಗಿದ್ದರೂ ನಾವು ದತ್ತು ಕೊಡಲು ಹುಡುಕುವುದು ಯಾವಾಗಲೂ ಕೈತುಂಬ ಸಂಬಳವಿರುವ ಯುವ ದಂಪತಿಯನ್ನು. ವಯಸ್ಸಾದವರು ಕೇಳಿದರೆ ನಿಮ್ಮಿಂದ ಆಗದು ಎಂದು ನಯವಾಗಿ ಕಳುಹಿಸಿಬಿಡುತ್ತೇವೆ. ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು: ಸಾಕುಪ್ರಾಣಿಯನ್ನು ಇಟ್ಟುಕೊಳ್ಳಬಾರದೆಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟಪಡಿಸಿದೆ.

ಮೂರು ಕರೆಗಳಲ್ಲಿ ಒಂದು ಹನುಮಂತನಗರದ ನಿವೃತ್ತ ಶಿಕ್ಷಕಿಯೊಬ್ಬರದು. ಮನೆಗೆ ಬಂದವರು ಮೊದಲು ಸುಬ್ಬಿಯನ್ನು ಮುದ್ದಿಸಲಿಲ್ಲ, ಬರೆದ ಕಾಗದವನ್ನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. "ನಮ್ಮತ್ತೆ ಹಾಸಿಗೆ ಹಿಡಿದು ಐದು ವರ್ಷ ಇದ್ದರಪ್ಪಾ, ಇದೆಲ್ಲ ನನಗೆ ಗೊತ್ತಿರೋ ಕೆಲಸವೇ" ಎಂದರು. ನಾನು ಬರ್ಲಿನ್‌ನ ಒಪ್ಪಂದವನ್ನು ನೆನಪಿಸಿಕೊಂಡು ಕನ್ನಡದಲ್ಲಿ ಒಂದು ಪುಟದ ಪತ್ರ ಸಿದ್ಧಪಡಿಸಿದ್ದೆ. ಅವಳನ್ನು ಮರಳಿಸುವುದಾದರೆ ನಮ್ಮ ಮನೆಗೇ ಮರಳಿಸಬೇಕು, ಚಿಕಿತ್ಸೆಯ ಖರ್ಚನ್ನು ನಾನು ಕಳುಹಿಸುತ್ತೇನೆ, ತಿಂಗಳಿಗೊಮ್ಮೆ ನಮ್ಮವರು ಬಂದು ನೋಡುತ್ತಾರೆ ಎಂದಿತ್ತು. ಅವರು ಅದನ್ನು ಓದಿ, "ನನಗೀಗ ಅರವತ್ತೊಂಬತ್ತು. ಇದಕ್ಕಿನ್ನೂ ಎರಡೇ ವರ್ಷ ವಯಸ್ಸು. ನನ್ನ ಕೈ ನಡೆಯದ ದಿನ ಯಾರು ಒತ್ತುತ್ತಾರೆ ಅಂತ ನೀವು ಬರೆದೇ ಇಲ್ಲವಲ್ಲ" ಎಂದು ಕಾಗದವನ್ನು ನನ್ನ ಮುಂದೆಯೇ ಇಟ್ಟರು. ಅಮ್ಮ ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಪತ್ರದ ಕೆಳಗೆ ಮೂರು ಗೆರೆಗಳನ್ನು ಎಳೆದೆವು. ಮೊದಲನೆಯದರಲ್ಲಿ ಶಿಕ್ಷಕಿಯ ಹೆಸರು, ಎರಡನೆಯದರಲ್ಲಿ ಕಾಲೇಜಿಗೆ ಹೋಗುವ ಅವರ ಪಕ್ಕದ ಮನೆಯ ಹುಡುಗನ ಹೆಸರು ಬಂತು. ಮೂರನೆಯ ಗೆರೆ ನಾನು ಬರ್ಲಿನ್‌ಗೆ ಹೊರಡುವ ದಿನವೂ ಖಾಲಿಯಿತ್ತು. ಫೆಬ್ರವರಿಯ ಕೊನೆಯಲ್ಲಿ ಶಿಕ್ಷಕಿಯವರು ಆ ಕಾಗದದ ಫೋಟೋ ಕಳುಹಿಸಿದರು. ಅಮ್ಮ ವಾರಕ್ಕೆ ಎರಡು ಸಲ ಅವರ ಮನೆಗೆ ಹೋಗಿ, ಸುಬ್ಬಿಯ ಹೊಟ್ಟೆಯನ್ನು ಎಲ್ಲಿ, ಎಷ್ಟು ಮೆಲ್ಲಗೆ ಒತ್ತಬೇಕೆಂದು ಕಲಿತ ಮೇಲೆ ಮೂರನೆಯ ಗೆರೆಯ ಮೇಲೆ ಸಹಿ ಹಾಕಿದ್ದರು.