ಯಾರ ಮಗನಪ್ಪ ನೀನು?

ಮೊನ್ನೆ ಊರಿಗೆ ಹೋಗಿದ್ದೆ. ತಿಪಟೂರಲ್ಲಿ ಬಸ್ ಇಳಿದು ನಮ್ಮೂರ ಕಡೆ ಹೋಗೋ ಶೇರ್ ಆಟೋ ಹತ್ತಿದ್ರೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖಾನೇ ನೋಡ್ತಾ ಇತ್ತು, ಸ್ವಲ್ಪ ಹೊತ್ತು ಆದ್ಮೇಲೆ ತಡೀಲಾರದೆ ಕೇಳೇ ಬಿಡ್ತು, "ಯಾರ ಮಗನಪ್ಪ ನೀನು?" ನಾನು ಮಂಜುನಾಥ ಅಂದೆ. "ಅದಲ್ಲ ಕಣಪ್ಪ, ಯಾರ ಮಗ?" ರಂಗಪ್ಪನ ಮಗ. "ಯಾವ ರಂಗಪ್ಪ?" ಮೇಲಿನ ಬೀದಿ, ಮೇಷ್ಟ್ರು ರಂಗಪ್ಪ. "ಅಯ್ ನಮ್ಮ ಸಣ್ಣಮ್ಮನ ಮೊಮ್ಮಗನಾ!" ಅಂತ ಕೆನ್ನೆ ಸವರಿ ನೆಟಿಗೆ ಮುರೀತು. ನೋಡಿ, ನಂಗೆ 42 ವರ್ಷ, ಡಿಗ್ರಿ ಕೆಲಸ ಇಎಂಐ ಎಲ್ಲಾ ಇದೆ, ಅದ್ಯಾವುದೂ ಆ ಆಟೋದಲ್ಲಿ ಲೆಕ್ಕಕ್ಕೆ ಬರಲಿಲ್ಲ, ಸತ್ತು 20 ವರ್ಷ ಆಗಿರೋ ನಮ್ಮಜ್ಜಿ ಹೆಸರು ಬಂದ್ಮೇಲೇ ನಾನು ಯಾರು ಅಂತ ಇತ್ಯರ್ಥ ಆಗಿದ್ದು. ನಿಜ ಹೇಳ್ತೀನಿ, ಖುಷಿ ಆಯ್ತು.

ಮನೇಗ್ ಬಂದ್ಮೇಲೂ ಅದೇ ತಲೇಲಿ ಕೊರೀತಾ ಇತ್ತು. ನಮ್ಮ ಹಳೇ ಮೈಸೂರು ಕಡೆಯೋರ ಹೆಸರೇ ನೋಡಿ, ಸರ್‌ನೇಮ್ ಅನ್ನೋದೇ ಇಲ್ಲ, ಇರೋದು ಎರಡು ಇನಿಶಿಯಲ್, ಒಂದು ಊರಿಂದು ಒಂದು ಅಪ್ಪಂದು. ಎಚ್.ಡಿ. ದೇವೇಗೌಡ ಅಂದ್ರೆ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ. ಸರ್ ಎಂವಿ ಹುಟ್ಟಿದ್ದು ಮುದ್ದೇನಹಳ್ಳೀಲಿ, ಆದ್ರೆ ಹೆಸರಿನ ಮುಂದೆ ಇರೋದು ಆಂಧ್ರದ ಮೋಕ್ಷಗುಂಡಂ, ಹಿರೀಕರು ಯಾವತ್ತೋ ಬಿಟ್ಟು ಬಂದ ಊರು. ಕೊಡಗಿನೋರಿಗೆ ಮನೆಹೆಸರು ಮೊದಲು ಬರುತ್ತೆ, ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದಂಗೆ. ದಕ್ಷಿಣ ಕನ್ನಡದ ಬಂಟರಲ್ಲಿ 'ಬರಿ', ಅಂದ್ರೆ ಕುಲದ ಹೆಸರು, ಅಮ್ಮನ ಕಡೆಯಿಂದ ಬರುತ್ತೆ. ಹಾಸ್ಟೆಲಲ್ಲಿ ಇದ್ದಾಗ ಉತ್ತರ ಕರ್ನಾಟಕದ ಹುಡುಗ್ರ ಅಡ್ಡಹೆಸರು ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಕೇಳಿ ನಾವು ನಗ್ತಿದ್ವಿ, ಅವ್ರು ನಮ್ಮನ್ನ "ಏನ್ರಲೇ, ಬರೀ ಎರಡಕ್ಷರ ಇಟ್ಕೊಂಡು ಅಡ್ಡಾಡ್ತೀರಿ" ಅಂತ ಆಡ್ಕೋತಿದ್ರು.

ಪಾಸ್‌ಪೋರ್ಟಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಡಬೇಡ ಅಂತ ಯಾರೋ ಹೇಳಿದ್ರು, ಅಪ್ಪನ ಹೆಸರು ತುಂಬಿದೆ. (ಒಳ್ಳೇದೇ ಆಯ್ತು ಬಿಡಿ, 2022ರ ನವೆಂಬರಲ್ಲಿ ದುಬೈ ಕಡೆಯೋರು ಪಾಸ್‌ಪೋರ್ಟಲ್ಲಿ ಒಂದೇ ಹೆಸರು ಇರೋರಿಗೆ ಪ್ರವೇಶ ಇಲ್ಲ ಅಂದಾಗ ಎಷ್ಟು ಜನ ಪರದಾಡಿದ್ರು, ಆಮೇಲೆ ಕೊನೇ ಪುಟದಲ್ಲಿ ಅಪ್ಪನ ಹೆಸರಿದ್ರೆ ಸಾಕು ಅಂತ ಸಡಿಲ ಮಾಡಿದ್ರು.) ಪ್ರಾಜೆಕ್ಟ್ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಹೋದ ಮೊದಲ ದಿನ ರಿಸೆಪ್ಷನ್‌ನಲ್ಲಿ "ಮಿಸ್ಟರ್ ರಂಗಪ್ಪ" ಅಂತ ಕೂಗಿದ್ರೆ ನಾನು ಹಿಂದಕ್ಕೆ ತಿರುಗಿ ನೋಡಿದೀನಿ, ಅಪ್ಪ ಎಲ್ಲಿ ಬಂದ್ರು ಅಂತ. ಫೋನಲ್ಲಿ ಹೇಳಿದ್ರೆ ಅಪ್ಪ ಎರಡು ದಿನ ಊರೆಲ್ಲಾ ಹೇಳ್ಕೊಂಡು ತಿರುಗಿದ್ರು.

ಆದ್ರೆ ಅಮ್ಮನ ಹೆಸರು? ಬಾಣಾವರದಿಂದ ಮದುವೆಯಾಗಿ ಬಂದೋಳು, ಮೊದಮೊದಲು ಊರಿಗೆಲ್ಲಾ 'ಬಾಣಾವರದೋಳು', ಆಮೇಲೆ 'ಮೇಷ್ಟ್ರ ಹೆಂಡ್ತಿ', ನಾನು ಹುಟ್ಟಿದ್ಮೇಲೆ 'ಮಂಜನ ಅವ್ವ'. ಅಪ್ಪ ಕರೆಯೋದು "ಇವ್ಳೇ" ಅಂತ. ಅಮ್ಮನೂ ಅಪ್ಪನ ಹೆಸರು ಹೇಳಲ್ಲ ಬಿಡಿ, ಮದುವೆ ಮನೇಲಿ ಹೆಂಗಸರು ಬಲವಂತ ಮಾಡಿದ್ರೆ ಒಗಟು ಕಟ್ಟಿ ನಾಚ್ಕೊಂಡು ಹೇಳ್ಬೇಕು ಅಷ್ಟೇ, ಆದ್ರೆ ಅಪ್ಪನ ಹೆಸರು ಹೇಳೋಕೆ ಊರಿಡೀ ಇದೆ. ತವರಲ್ಲಿ ದೊಡ್ಡಮ್ಮ ಹೋದ್ಮೇಲೆ ಅಮ್ಮನ್ನ ಹೆಸರು ಹಿಡಿದು ಕೂಗೋರು ಅಂತ ಉಳಿದಿರೋದು ಬ್ಯಾಂಕಿನ ಕೌಂಟರಲ್ಲಿ ಕೂರೋ ಹುಡುಗಿ ಒಬ್ಬಳೇ. ಅಲ್ಲಿ ಕೂಗಿದಾಗ ಅಮ್ಮ ಒಂದು ಕ್ಷಣ ತಡವಾಗಿ ಏಳ್ತಾರೆ, ನಾನೇ ನೋಡಿದೀನಿ.

ಇನ್ನು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಓನರ್ರು ಅಡ್ವಾನ್ಸ್ ಮಾತೆಲ್ಲಾ ಮುಗಿದ್ಮೇಲೆ ಮೆಲ್ಲಗೆ ಶುರು ಮಾಡಿದ್ರು, ತಂದೆಯವ್ರ ಹೆಸರೇನು, ಓ ರಂಗಪ್ಪ, ಅಂದ್ರೆ ನೀವು... ಯಾವ ಪೈಕಿ? ನಂಗೆ ಮೈಯೆಲ್ಲಾ ಉರೀತು, ಎದ್ದು ಬಂದೆ, ಫ್ರೆಂಡ್ಸ್ ಹತ್ರ ಆ ಓನರ್‌ನ ಬಾಯಿಗೆ ಬಂದಂಗೆ ಬೈದೆ. ಈಗ ಯೋಚನೆ ಮಾಡಿದ್ರೆ ಆಟೋ ಅಜ್ಜಿ ಕೇಳಿದ್ದೂ ಅದನ್ನೇ ಅಲ್ವಾ? ಅದಕ್ಯಾಕೆ ನಂಗೆ ಕೋಪ ಬರಲಿಲ್ಲ? ಅಜ್ಜಿ ಹಂಗಲ್ಲ, ಮುಗ್ಧೆ, ಪ್ರೀತಿಯಿಂದ ಕೇಳಿದ್ದು ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ.

ಸಮಾಧಾನ ನಿಲ್ಲಲಿಲ್ಲ, ಯಾಕಂದ್ರೆ ನಂಜೊತೆ ಏಳನೇ ಕ್ಲಾಸ್ ತನಕ ಓದಿದ ಗೆಳೆಯ ಒಬ್ಬ ನೆನಪಾದ. ಅವನೂ ನಮ್ಮೂರೇ, ಕಾಲೋನಿಯೋನು. ಅವನನ್ನೂ ದಾರೀಲಿ ಹಿಂಗೇ ಕೇಳ್ತಿದ್ರು, "ಯಾರ ಮಗನ್ಲಾ?" ಕಾಲೋನಿ ಅಂದ ತಕ್ಷಣ ಮಾತು ಅಲ್ಲಿಗೆ ಕಟ್. ಯಾವ ಅಪ್ಪ, ಯಾರ ಮೊಮ್ಮಗ ಅಂತ ಮುಂದಕ್ಕೆ ಯಾರೂ ಕೇಳ್ತಿರಲಿಲ್ಲ, ನೆಟಿಗೆ ಮುರಿಯೋದು ದೂರದ ಮಾತು. ನನ್ನ ಕೆನ್ನೆ ಸವರಿದ ಕೈ ಅವನ ಕೆನ್ನೆ ತನಕ ಹೋಗ್ತಿತ್ತಾ? ನಂಗೆ ಗೊತ್ತು ಹೋಗ್ತಿರಲಿಲ್ಲ ಅಂತ. ಅವನು ಈಗ ಬೆಂಗಳೂರಲ್ಲೇ ಇದಾನೆ, ಹೆಸರಿಂದ ಊರಿನ ಇನಿಶಿಯಲ್ ತೆಗೆಸಿಬಿಟ್ಟಿದಾನೆ. ಜಾತ್ರೆಗೆ ಬಾರೋ ಅಂತ ಫೋನ್ ಮಾಡಿದ್ರೆ, "ಇಲ್ಲಿ ಯಾರ ಮಗ ಅಂತ ಯಾರೂ ಕೇಳಲ್ಲ ಮಗಾ, ಅದಕ್ಕೇ ಇಲ್ಲಿದೀನಿ" ಅಂದ. ನಾನು ಓನರ್ ಕಥೆ ಹೇಳೋಕೆ ಹೋಗಿ ಬಾಯಿ ಮುಚ್ಕೊಂಡೆ, ನಾನು ಆವತ್ತು ಎದ್ದು ಬಂದು ಬೇರೆ ಮನೆ ಹಿಡಿದೆ, ಅವನಿಗೆ ಎಷ್ಟು ಮನೆ ತಪ್ಪಿತ್ತೋ ನಾನು ಯಾವತ್ತೂ ಕೇಳಿಲ್ಲ.

ಇಷ್ಟೆಲ್ಲಾ ಬರೆಯೋಕೆ ಕಾರಣ ನಿನ್ನೆ ಕ್ಯಾಂಟೀನಲ್ಲಿ ಆಗಿದ್ದು. ಟೀಮಿಗೆ ಹೊಸದಾಗಿ ಸೇರಿರೋ ಹುಡುಗ, ಕನ್ನಡದವನು ಅಂತ ಖುಷಿಯಾಗಿ ಮಾತಾಡ್ಸಿದೆ. ಯಾವೂರು ಅಂದೆ, ಹೇಳಿದ. ಓ ನಮ್ಮ ಕಡೆ, ಯಾವ ಬೀದಿ ಅಂದೆ, ಹೇಳಿದ. ತಂದೆ ಏನ್ ಮಾಡ್ತಾರೆ, ಹೆಸರೇನು ಅಂತ ಬಾಯಿಂದ ಬಂದಾಗ ಹುಡುಗ ಕಾಫಿ ಲೋಟ ಅಲ್ಲೇ ಇಟ್ಟು, "ಒಂದ್ನಿಮಿಷ ಸಾರ್, ಕಾಲ್ ಬರ್ತಿದೆ" ಅಂತ ಎದ್ದು ಹೋದ. ಅವನ ಫೋನ್ ಟೇಬಲ್ ಮೇಲೇ ಇತ್ತು.